ಅಜ್ಜಿಯ ಕಾಯಿಲೆಗೆ ಇದ್ದ ಹೆಸರು

ಮಗಳೇ, ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತದ್ದು ನಿನ್ನ ಅಜ್ಜಿಗೂ ಕೇಳಿಸಿತು. ವೈದ್ಯಕೀಯ ಓದಿಗೆ ದಿನಕ್ಕೆ ನೂರು ಹೆಸರು ಬಾಯಿಪಾಠ ಮಾಡಬೇಕು, ಬೆಳಗಾದರೆ ಹತ್ತೂ ನೆನಪಿರುವುದಿಲ್ಲ, ಇಂಗ್ಲಿಷ್ ಮೀಡಿಯಮ್ಮಿನವರಿಗೆ ಇದೆಲ್ಲ ಸಲೀಸು ಎಂದೆ. ಹತ್ತನೆಯ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ್ದೇ ತಪ್ಪಾಯಿತೋ ಏನೋ ಎಂಬ ಮಾತೂ ಬಂತು. ಆಗ ಉತ್ತರ ಕೊಡಲು ನನಗೆ ಮಾತು ಬರಲಿಲ್ಲ. ಅದಕ್ಕೇ ಈ ಕಾಗದ.

ಮೂವತ್ತಮೂರು ವರ್ಷ ಹಳ್ಳಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ಹೇಳುತ್ತೇನೆ, ಕೇಳು. ಆ ನೂರು ಹೆಸರುಗಳಲ್ಲಿ ಇಂಗ್ಲಿಷ್ ಬಹಳ ಕಡಿಮೆ. ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್. ಎಲ್‌ಕೆಜಿಯಿಂದಲೂ ಇಂಗ್ಲಿಷಿನಲ್ಲೇ ಓದಿ ಬಂದು ನಿನ್ನ ಪಕ್ಕ ಕುಳಿತಿರುವ ಹುಡುಗಿಗೂ ಅವು ಪರವೂರಿನ ನೆಂಟರೇ. ಅವಳೂ ನೀನೂ ಒಂದೇ ಗೆರೆಯಲ್ಲಿ ನಿಂತು ಓಡಲು ಶುರುಮಾಡಿದ್ದೀರಿ. ನಿನ್ನ ಕೈಯಲ್ಲಿ ಒಂದು ಉಪಕರಣ ಹೆಚ್ಚಿಗೆ ಇದೆ, ಅದನ್ನು ಇನ್ನೂ ಚೀಲದಿಂದ ಹೊರಗೆ ತೆಗೆದಿಲ್ಲ ಅಷ್ಟೇ. ಅದರ ವಿಷಯ ಆಮೇಲೆ.

ಮೊದಲು ನಿನ್ನ ಅಜ್ಜಿಯ ಕಾಯಿಲೆಯ ಕತೆ. ಇಷ್ಟು ವರ್ಷ ನಿನಗೆ ಅರ್ಧ ಮಾತ್ರ ಹೇಳಿದ್ದೇವೆ. 1984ರ ಮಳೆಗಾಲ, ನಿನ್ನ ಅಪ್ಪನಿಗೆ ಆಗ ಆರು ವರ್ಷ. ಅವಳ ಕಾಲಿನ ಮೇಲೆ, ತೋಳಿನ ಮೇಲೆ ನೇರಳೆ ಬಣ್ಣದ ಚುಕ್ಕೆಗಳು ಎದ್ದವು. ತೋಟದಲ್ಲಿ ಏನೋ ಹುಳ ಮುಟ್ಟಿರಬೇಕು ಎಂದುಕೊಂಡೆವು. ಮೂರನೆಯ ದಿನ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ನಿಲ್ಲಲಿಲ್ಲ. ಪೇಟೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಹಿರಿಯ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ನನ್ನ ಕಡೆಗಾಗಲಿ ಅವಳ ಕಡೆಗಾಗಲಿ ತಿರುಗದೆ, ಜೊತೆಯಲ್ಲಿದ್ದ ಹುಡುಗರಿಗೆ ಮೂರು ಪದ ಹೇಳಿ ಮುಂದಿನ ಮಂಚಕ್ಕೆ ಹೋದರು: ಇಡಿಯೋಪ್ಯಾಥಿಕ್ ಥ್ರಾಂಬೋಸೈಟೋಪೀನಿಕ್ ಪರ್ಪ್ಯುರಾ.

ಊರಿಗೆಲ್ಲ ಇಂಗ್ಲಿಷ್ ಮಾಷ್ಟ್ರು ನಾನು. ಮೂರರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಮೊದಲ ಪದದಲ್ಲಿ ನನಗೆ ‘ಈಡಿಯಟ್’ ಕೇಳಿಸಿತು. ಇದು ತಲೆಗೆ ಏರುವ ಕಾಯಿಲೆಯೋ, ಇವಳ ಬುದ್ಧಿ ಹೋಗುತ್ತದೆಯೋ ಎಂದು ರಾತ್ರಿಯಿಡೀ ಆಸ್ಪತ್ರೆಯ ಜಗಲಿಯಲ್ಲಿ ಕೂತು ಬೆವತೆ. ಅವಳು “ಏನಂತೆ?” ಎಂದು ಕೇಳಿದಾಗ “ಏನೋ ಹೆಸರು ಹೇಳಿದರು” ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಬೆಳಿಗ್ಗೆ ಪಾಳಿ ಬದಲಾಗಿ ಬಂದ ಒಬ್ಬ ಸಿಸ್ಟರ್ ಚೀಟಿ ಓದಿ ಹೇಳಿದರು: “ರಕ್ತ ಹೆಪ್ಪುಗಟ್ಟಿಸುವ ಕಣ ಕಡಿಮೆ ಆಗಿದೆ ಅಮ್ಮ. ಅದಕ್ಕೇ ಒಳಗಿಂದ ಒಸರಿ ಚರ್ಮದ ಅಡಿಯಲ್ಲಿ ಚುಕ್ಕೆ ಕಾಣುವುದು. ಯಾಕೆ ಹೀಗಾಯಿತು ಅಂತ ಗೊತ್ತಿಲ್ಲ. ಮದ್ದು ಉಂಟು.”

ಅವಳು ಹುಷಾರಾಗಿ ಮನೆಗೆ ಬಂದ ಮೇಲೆ ನಾನು ಕಾಲೇಜಿನ ಲೈಬ್ರರಿಗೆ ಹೋಗಿ ದೊಡ್ಡ ನಿಘಂಟು ತೆಗೆದು ಕೂತೆ. ‘ಇಡಿಯೋಸ್’ ಎಂದರೆ ಗ್ರೀಕಿನಲ್ಲಿ ಸ್ವಂತದ್ದು, ತನಗೆ ಮಾತ್ರ ಸೇರಿದ್ದು. ‘ಪಾಥೋಸ್’ ಎಂದರೆ ಅನುಭವಿಸಿದ್ದು, ಬೇನೆ. ಬೇರೆ ಯಾವ ರೋಗದಿಂದಲೂ ಹುಟ್ಟದೆ ತಾನಾಗಿ ಬಂದ ಬೇನೆ ಎಂಬುದು ಪದದ ಮೈ. ಕಾರಣ ತಿಳಿಯದು ಎಂಬುದು ವೈದ್ಯರ ಬಳಕೆ. ‘ಥ್ರೋಂಬೋಸ್’ ಹೆಪ್ಪು. ‘ಕ್ಯುಟೋಸ್’ ಟೊಳ್ಳು ಪಾತ್ರೆ. ಜೀವಕೋಶಕ್ಕೆ ವಿಜ್ಞಾನಿಗಳು ಅದನ್ನೇ ಎತ್ತಿಕೊಂಡರು. ‘ಪೆನಿಯಾ’ ಬಡತನ. ‘ಪರ್ಪ್ಯುರಾ’ ಲ್ಯಾಟಿನ್ ಮೂಲಕ ಬಂದದ್ದು, ಅದರ ಹಿಂದೆ ಗ್ರೀಕಿನ ‘ಪೋರ್ಫುರಾ’. ಕಡಲ ಚಿಪ್ಪುಹುಳದಿಂದ ತೆಗೆಯುತ್ತಿದ್ದ ನೇರಳೆ ಬಣ್ಣ. ಎಲ್ಲ ಸೇರಿಸಿದರೆ: ಕಾರಣ ತಿಳಿಯದ, ಹೆಪ್ಪುಕಣಗಳ ಬಡತನದ, ನೇರಳೆ ಚುಕ್ಕೆ. ಸಿಸ್ಟರ್ ಕನ್ನಡದಲ್ಲಿ ಹೇಳಿದ್ದಕ್ಕಿಂತ ಒಂದು ಎಳ್ಳಿನಷ್ಟೂ ಹೆಚ್ಚಿರಲಿಲ್ಲ. ಅಂದು ಲೈಬ್ರರಿಯ ಮೇಜಿನ ಮುಂದೆ ನನಗೆ ಅಳು ಬಂತು. ಆ ಒಂದು ರಾತ್ರಿ ನಾವಿಬ್ಬರೂ ಹೆದರಿದ್ದು ಕಾಯಿಲೆಗೆ ಆಗಿರಲಿಲ್ಲ, ಹೆಸರಿಗೆ.

ಈಡಿಯಟ್ ಎಂದು ನನಗೆ ಕೇಳಿಸಿದ್ದೂ ಪೂರ್ತಿ ಸುಳ್ಳಲ್ಲ. ಎರಡೂ ಒಂದೇ ಮನೆಯ ಮಕ್ಕಳು. ಹಳೆಯ ಅಥೆನ್ಸಿನಲ್ಲಿ ಊರ ಕೆಲಸಕ್ಕೆ ಬಾರದೆ ತನ್ನ ಪಾಡಿಗೆ ತಾನಿರುವವನು ‘ಇಡಿಯೋಟೇಸ್’. ಆಮೇಲೆ ಅದು ಕಸುಬು ಕಲಿಯದವನಾಯಿತು, ಕೊನೆಗೆ ದಡ್ಡನಾಯಿತು. ಒಂದು ಭಾಷೆಗೆ ಮಾತ್ರ ಸೇರಿದ ನುಡಿಗಟ್ಟಿಗೆ ಇಡಿಯಮ್ ಎನ್ನುವುದೂ, ಒಬ್ಬನಿಗೆ ಮಾತ್ರ ಇರುವ ವಿಚಿತ್ರ ಸ್ವಭಾವಕ್ಕೆ ಇಡಿಯೋಸಿಂಕ್ರಸಿ ಎನ್ನುವುದೂ ಅದೇ ‘ಇಡಿಯೋಸ್’. ಒಂದು ತುಂಡು ತಿಳಿದರೆ ನಾಲ್ಕು ಪದ ತಾವಾಗಿ ಬಂದು ಅಂಗಳದಲ್ಲಿ ನಿಲ್ಲುತ್ತವೆ.

ಆ ಕಾಯಿಲೆಗೆ ಕಾರಣದ ಸುಳಿವು ಸಿಕ್ಕಿದ್ದು ನಿನ್ನ ಅಜ್ಜಿಯ ಕಾಯಿಲೆಗಿಂತ ಎಷ್ಟೋ ಮೊದಲೇ. ಅಮೆರಿಕದ ವಿಲಿಯಂ ಹ್ಯಾರಿಂಗ್ಟನ್ ಎಂಬ ವೈದ್ಯ ಇದೇ ಕಾಯಿಲೆಯ ರೋಗಿಯ ರಕ್ತವನ್ನು ತನ್ನ ಮೈಗೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಹೆಪ್ಪುಕಣಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಕುಸಿದವು. ರೋಗಿಯ ರಕ್ತದಲ್ಲೇ ಆ ಕಣಗಳನ್ನು ಕೊಲ್ಲುವ ಏನೋ ಒಂದು ಇದೆ ಎಂದು 1951ರಲ್ಲಿ ಪ್ರಕಟಿಸಿದ. ಅದು ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಕಣಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಈಗ ನಿನ್ನ ಪುಸ್ತಕಗಳಲ್ಲಿ ‘ಇಡಿಯೋಪ್ಯಾಥಿಕ್’ ಇದ್ದ ಜಾಗಕ್ಕೆ ‘ಇಮ್ಯೂನ್’ ಬಂದಿದೆ. ಹಾಗಾಗಿ ಯಾವ ಕಾಯಿಲೆಯ ಹೆಸರಿನ ಹಿಂದೆ ‘ಇಡಿಯೋಪ್ಯಾಥಿಕ್’ ಕಂಡರೂ ಅಲ್ಲಿ ಒಂದು ಕ್ಷಣ ನಿಲ್ಲು. ಅಲ್ಲಿ ಯಾರೋ ಮಾಡಬೇಕಾದ ಕೆಲಸ ಬಾಕಿ ಇದೆ.

ನಿನ್ನ ಅಜ್ಜಿಗೆ ಮಾತ್ರೆಯಿಂದ ಕಣಗಳು ಏರಿದವು, ಮಾತ್ರೆ ಇಳಿಸಿದಾಗ ಮತ್ತೆ ಇಳಿದವು. 1985ರಲ್ಲಿ ಗುಲ್ಮ ತೆಗೆದರು. ನೀನು ಸಣ್ಣವಳಿದ್ದಾಗ ಬೆರಳಿಟ್ಟು ಎಣಿಸುತ್ತಿದ್ದ ಅವಳ ಹೊಟ್ಟೆಯ ಎಡಗಡೆಯ ಹೊಲಿಗೆಯ ಗೆರೆ ಅದರದ್ದೇ. ಸ್ಪ್ಲೆನೆಕ್ಟಮಿ: ‘ಸ್ಪ್ಲೇನ್’ ಗುಲ್ಮ, ‘ಎಕ್’ ಹೊರಗೆ, ‘ತೊಮೆ’ ಕತ್ತರಿಸುವುದು. ಈ ‘ತೊಮೆ’ಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಟರೆ ಎಲ್ಲೆಲ್ಲಿ ಹೋಗಬಹುದು ನೋಡು. ಕತ್ತರಿಸಲಾಗದ್ದು ಆಟಮ್. ಪೂರ್ತಿಯಾಗಿ ಕೊಯ್ದು ನೋಡುವುದು ಅನಾಟಮಿ. ನೀನೀಗ ಹೆದರುತ್ತಿರುವ ವಿಷಯದ ಹೆಸರೇ ‘ಕೊಯ್ದು ನೋಡು’. ಮೈ ತುಂಡುತುಂಡಾಗಿ ಕತ್ತರಿಸಿದಂತೆ ಕಾಣುತ್ತದೆಂದು ಅರಿಸ್ಟಾಟಲ್ ಕೀಟಗಳನ್ನು ‘ಎಂತೊಮ’ ಎಂದ, ಎಂಟಮಾಲಜಿ ಅಲ್ಲಿಂದ. ಅದನ್ನೇ ರೋಮಿನವರು ಲ್ಯಾಟಿನ್ನಿಗೆ ತಿರುಗಿಸಿ ‘ಇನ್‌ಸೆಕ್ಟಮ್’ ಮಾಡಿದರು, ನಮ್ಮ ಹೈಸ್ಕೂಲಿನ ಇನ್‌ಸೆಕ್ಟ್ ಆಯಿತು. ಕತ್ತಿ ಮುಟ್ಟಿಸದೆ ಒಳಗಿನ ಹೋಳುಗಳ ಚಿತ್ರ ಬರೆಯುವುದು ಟೋಮೋಗ್ರಫಿ, ಸಿ.ಟಿ. ಸ್ಕ್ಯಾನಿನ ‘ಟಿ’ ಅದೇ. ಸ್ಕ್ಯಾನ್ ಸೆಂಟರಿನ ಬೋರ್ಡೂ, ಅಡಿಕೆ ಮರದ ಕೀಟದ ಶಾಸ್ತ್ರವೂ, ಫಿಸಿಕ್ಸಿನ ಪರಮಾಣುವೂ ಒಂದೇ ಕತ್ತಿಯ ಮಕ್ಕಳೆಂದು ತಿಳಿದ ದಿನ ನಾನು ಕ್ಲಾಸಿನಲ್ಲಿ ಪಾಠ ನಿಲ್ಲಿಸಿ ಒಂದು ಗಂಟೆ ಇದನ್ನೇ ಹೇಳಿದ್ದೆ.

ಈಗ ನಿನ್ನ ಚೀಲದಲ್ಲಿರುವ ಉಪಕರಣ. ಎಂಟನೆಯ ಕ್ಲಾಸಿನಲ್ಲಿ ಸಂಧಿ ಬಿಡಿಸು, ಸಮಾಸ ಬಿಡಿಸು ಎಂದು ನಿನ್ನ ಕನ್ನಡ ಟೀಚರು ಪ್ರಾಣ ತಿಂದರಲ್ಲ, ಅದು. ಗ್ರೀಕಿನಲ್ಲಿ ‘ಅ’ ಎಂದರೆ ಇಲ್ಲ. ಮುಂದೆ ಸ್ವರ ಬಂದರೆ ಅದು ‘ಅನ್’. ಎ-ಪಥಿ, ಅನ್-ಈಮಿಯಾ. ನಮ್ಮಲ್ಲಿ ಅ-ಶುದ್ಧ, ಅನ್-ಉಚಿತ. ನಿಯಮ ಕೂದಲೆಳೆಯಷ್ಟೂ ಬೇರೆಯಿಲ್ಲ. ‘ಸಿನ್’ ಎಂದರೆ ಜೊತೆ. ಪಕಾರದ ಮುಂದೆ ಅದು ‘ಸಿಮ್’ ಆಗಿ ಸಿಂಪಥಿ. ಸಮ್ ಉಪಸರ್ಗದ ಕೊನೆಯ ಮಕಾರ ಮುಂದಿನ ಅಕ್ಷರ ನೋಡಿ ಬಣ್ಣ ಬದಲಿಸುವುದನ್ನು ನೀನು ಎಷ್ಟು ಸಲ ಬರೆದಿಲ್ಲ? ಇನ್ನು ಗ್ಯಾಸ್ಟ್ರೋಸ್ಕೋಪಿಯ ನಡುವಿನ ‘ಓ’. ಎರಡು ತುಂಡುಗಳನ್ನು ಬೆಸೆಯಲು ನಡುವೆ ಬಂದ ಅಕ್ಷರ ಅದು, ನಮ್ಮ ಆಗಮದ ಹಾಗೆ. ಗ್ಯಾಸ್ಟ್ರೈಟಿಸ್‌ನಲ್ಲಿ ಮುಂದಿನ ತುಂಡು ಸ್ವರದಿಂದಲೇ ಶುರುವಾಗುವುದರಿಂದ ಆ ‘ಓ’ ಬೇಕಾಗಲಿಲ್ಲ, ಬಿದ್ದುಹೋಯಿತು. ಲೋಪ. ಇದನ್ನು ನಿನ್ನ ಪಕ್ಕದ ಹುಡುಗಿಗೆ ಯಾರೂ ಕಲಿಸಿಲ್ಲ. ಅವಳಿಗೆ ನೀನು ಹೇಳಿಕೊಡು, ವಿದ್ಯೆ ಬಚ್ಚಿಡಬಾರದು.

ಒಂದು ಇನ್ನೂರು ಪುಟದ ನೋಟ್ ಬುಕ್ ತೆಗೆದುಕೋ. ಪುಟಕ್ಕೆ ಒಂದೇ ತುಂಡು ಬರೆ. ಆ ತುಂಡಿರುವ ಪದ ಎಲ್ಲಿ ಸಿಕ್ಕಿದರೂ ಆ ಪುಟಕ್ಕೆ ಸೇರಿಸುತ್ತ ಹೋಗು. ಹೆಸರುಗಳ ಪಟ್ಟಿ ಬೇಡ, ಸಂಸಾರಗಳ ಪಟ್ಟಿ ಮಾಡು.

ಅಂಗಗಳ ಹೆಸರು ಹೇಗೆ ಬಂದವು ಎಂಬುದು ಇನ್ನೂ ಸೊಗಸು. ಹೆಸರಿಟ್ಟವರು ಮೂಳೆಯನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದ್ದಾರೆ. ಬೆನ್ನೆಲುಬಿನ ತುದಿಯ ಸಣ್ಣ ಎಲುಬು ಕೋಗಿಲೆ ಜಾತಿಯ ಹಕ್ಕಿಯ ಕೊಕ್ಕಿನ ಹಾಗೆ ಕಂಡಿತು, ಆ ಹಕ್ಕಿಯ ಹೆಸರೇ ಕಾಕ್ಸಿಕ್ಸ್. ಕಿವಿಯ ಒಳಗಿನ ಸುರುಳಿ ಬಸವನಹುಳದ ಚಿಪ್ಪು, ಕಾಕ್ಲಿಯಾ. ಕುತ್ತಿಗೆಯ ಗ್ರಂಥಿಗೆ ಗುರಾಣಿಯ ಹೆಸರು, ಥೈರಾಯ್ಡ್. ಮೂಗಿನ ಮೇಲಿನ ತೂತುತೂತಾದ ಎಲುಬು ಜರಡಿ, ಎತ್ಮಾಯ್ಡ್. ತಲೆಬುರುಡೆಯ ನಡುವೆ ಬಡಿದಂತೆ ಕೂತ ಎಲುಬು ಬೆಣೆ, ಸ್ಫೀನಾಯ್ಡ್. ಭುಜದ ಸ್ನಾಯು ಗ್ರೀಕ್ ಅಕ್ಷರ ಡೆಲ್ಟಾದಂತೆ ಮುಕ್ಕೋನ, ಡೆಲ್ಟಾಯ್ಡ್. ಕೊನೆಯ ‘ಆಯ್ಡ್’ ಎಂದರೆ ರೂಪ, ‘ಹಾಗೆ ಕಾಣುವುದು’. ನಿನ್ನ ಪುಸ್ತಕದ ಪುಟ ಈಗ ಅಡುಗೆಮನೆ, ಕೊಟ್ಟಿಗೆ, ತೋಟದ ಹಾಗೆ ಕಾಣುವುದಿಲ್ಲವೇ?

ಇನ್ನೊಂದು ಗುಟ್ಟು. ಆರೋಗ್ಯವಂತ ಅಂಗಕ್ಕೆ ಲ್ಯಾಟಿನ್, ಅದರ ಕಾಯಿಲೆಗೆ, ಕೊಯ್ಯುವುದಕ್ಕೆ ಗ್ರೀಕ್ ಎಂಬುದು ಸಾಮಾನ್ಯ ರೂಢಿ. ಮೂತ್ರಪಿಂಡದ ರಕ್ತನಾಳ ರೀನಲ್, ಅದರ ಉರಿಯೂತ ನೆಫ್ರೈಟಿಸ್. ಗರ್ಭಕೋಶ ಯುಟರಸ್, ಅದನ್ನು ತೆಗೆದರೆ ಹಿಸ್ಟರೆಕ್ಟಮಿ. ಒಂದೇ ಅಂಗಕ್ಕೆ ಎರಡು ಹೆಸರು ಯಾಕೆ ಎಂದು ಇನ್ನು ತಲೆ ಕೆಡುವುದಿಲ್ಲ.

ಸಂಸ್ಕೃತದ ಮೂಲಕ ನಮಗೆ ಬಂದ ಪದಗಳಲ್ಲಿ ಕೆಲವು ಈ ಗ್ರೀಕ್ ಪದಗಳಿಗೆ ಒಡಹುಟ್ಟು. ಅಸ್ಥಿ ಮತ್ತು ‘ಓಸ್ತೆಓನ್’, ಓಸ್ಟಿಯೋಪೋರೋಸಿಸ್‌ನಲ್ಲಿ ಇರುವುದು. ದಂತ ಮತ್ತು ‘ಓದೋಂತ್’, ಆರ್ಥೋಡಾಂಟಿಸ್ಟ್. ಜಾನು ಮತ್ತು ‘ಗೋನು’, ನಖ ಮತ್ತು ‘ಓನುಕ್ಸ್’, ಪ್ಲೀಹ ಮತ್ತು ‘ಸ್ಪ್ಲೇನ್’. ಕಿವಿಗೆ ಸ್ವಲ್ಪವೂ ಹೋಲದ ಯಕೃತ್ ಮತ್ತು ‘ಹೇಪಾರ್’ ಕೂಡ ಒಂದೇ ಬೇರಿನವು. ದುಃ ಉಪಸರ್ಗ ಅವರಲ್ಲಿ ‘ದುಸ್’, ಇಂಗ್ಲಿಷಿನಲ್ಲಿ ಡಿಸ್. ಪಚನ ಅವರಲ್ಲಿ ‘ಪೆಪ್ಸಿಸ್’. ಹಾಗಾಗಿ ಡಿಸ್‌ಪೆಪ್ಸಿಯಾ ಎಂದರೆ ಅಕ್ಷರಕ್ಕೆ ಅಕ್ಷರ ದುಷ್ಪಚನ. ಪರಿಧಿಯ ‘ಪರಿ’ ಪೆರಿಕಾರ್ಡಿಯಮ್ಮಿನ ‘ಪೆರಿ’. ‘ಉಪರಿ’ ಹೈಪರ್, ‘ಉಪ’ ಹೈಪೋ. ಶುಗರ್ ಏರಿತೋ ಇಳಿಯಿತೋ ಎಂದು ಇನ್ನು ನಿನಗೆ ಗಲಿಬಿಲಿಯಾಗದು. ಮುದುಕರ ಚಿಕಿತ್ಸೆಗೆ ಜೀರಿಯಾಟ್ರಿಕ್ಸ್ ಎನ್ನುತ್ತಾರೆ. ಅಲ್ಲಿಯ ‘ಗೆರೋನ್’ ನಮ್ಮ ಜರೆಯ ನೆಂಟ. ನನ್ನ ಮೊಣಕಾಲು ನೋಯುವಾಗ ಆ ನೆಂಟಸ್ತಿಕೆ ನೆನಪಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನು ಹಿಡಿದುಕೊಂಡು ‘ಗ್ರೀಕ್ ಎಲ್ಲ ಸಂಸ್ಕೃತದಿಂದಲೇ ಹುಟ್ಟಿತು’ ಎನ್ನುವವರು ಸಿಗುತ್ತಾರೆ. ನಂಬಬೇಡ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಹೇಳಿದ್ದು ಇವೆರಡೂ ಲ್ಯಾಟಿನ್ನಿನ ಜೊತೆ ಒಂದೇ ಮೂಲದಿಂದ ಬಂದಿರಬೇಕು ಎಂದು. ಅಕ್ಕ ತಂಗಿಯರು, ತಾಯಿ ಮಗಳಲ್ಲ. ಕನ್ನಡದ್ದು ಬೇರೆಯೇ ಮನೆ. ನೆತ್ತರು, ಎಲುಬು, ಹಲ್ಲು, ಉಗುರು ಇವಕ್ಕೆ ಗ್ರೀಸಿನಲ್ಲಿ ನೆಂಟರಿಲ್ಲ. ತಮಿಳು, ತೆಲುಗು, ತುಳುವಿನಲ್ಲಿ ಇದ್ದಾರೆ. ನಮ್ಮ ಮನೆ ದೊಡ್ಡದು ಎಂದು ತೋರಿಸಲು ಪಕ್ಕದ ಮನೆಯ ಆಲ್ಬಮ್ ಕದಿಯಬೇಕಾಗಿಲ್ಲ.

ಕಡಲು ದಾಟಿ ಬಂದು ಹೋದ ಪದಗಳು ಬೇರೆ ಲೆಕ್ಕ. ಮುರಕಲ್ಲಿನ ಗುಡ್ಡ ಕೊರೆದು ನಮ್ಮ ಮುತ್ತಜ್ಜ ನೀರು ತಂದರಲ್ಲ, ಮನೆಯ ಹಿಂದಿನ ಆ ಸುರಂಗ. ಇಂದಿಗೂ ತೋಟಕ್ಕೆ, ಬಚ್ಚಲಿಗೆ ಅದರದ್ದೇ ನೀರು. ಆ ಹೆಸರು ಸಂಸ್ಕೃತಕ್ಕೆ ಗ್ರೀಕಿನ ‘ಸುರಿಂಕ್ಸ್’ನಿಂದ ಬಂದದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ‘ಸುರಿಂಕ್ಸ್’ ಎಂದರೆ ಕೊಳವೆ, ಕೊಳಲು. ನೀನು ನಾಳೆ ಕೈಯಲ್ಲಿ ಹಿಡಿಯುವ ಸಿರಿಂಜ್ ಅದರದ್ದೇ ಇನ್ನೊಂದು ಮಗು. ಕೇಂದ್ರವೂ ಅಲ್ಲಿಯದೇ: ‘ಕೆಂತ್ರೋನ್’, ವೃತ್ತ ಬರೆಯುವಾಗ ಊರಿ ನಿಲ್ಲುವ ಮೊನೆ. ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಬರೆದ ಬೋರ್ಡಿನಲ್ಲಿ ಸೆಂಟರ್ ಎಂಬ ಇಂಗ್ಲಿಷ್ ಪದದ ಅಣ್ಣ ಕೂತಿದ್ದಾನೆ. ನಾವೂ ಬರಿಗೈಯಲ್ಲಿ ಕಳುಹಿಸಿಲ್ಲ. ಅಜ್ಜಿ ಕೆಮ್ಮಿಗೆ ಕುಟ್ಟುವ ಹಿಪ್ಪಲಿ, ಪಿಪ್ಪಲಿ, ಅಲ್ಲಿ ಹೋಗಿ ‘ಪೆಪೆರಿ’ಯಾಗಿ ಗ್ರೀಕ್ ವೈದ್ಯರ ಔಷಧಿಯಾಯಿತು, ಇಂಗ್ಲಿಷಿನ ಪೆಪ್ಪರ್ ಆಯಿತು.

ಪದದ ಮೂಲ ಗೊತ್ತಾದ ಕೂಡಲೇ ವಸ್ತುವಿನ ನಿಜ ಗೊತ್ತಾಯಿತು ಎಂದೂ ತಿಳಿಯಬೇಡ. ಹಳೆಯವರೂ ತಪ್ಪಿದ್ದಾರೆ, ಅವರ ಕೆಲವು ತಪ್ಪುಗಳು ಪದದೊಳಗೆ ಹಾಗೇ ಉಳಿದಿವೆ. ಹೆಣದಲ್ಲಿ ಆರ್ಟರಿಗಳು ಖಾಲಿ ಕಂಡದ್ದರಿಂದ ಅವುಗಳಲ್ಲಿ ಹರಿಯುವುದು ಗಾಳಿ ಎಂದು ಗ್ರೀಕರು ಬಹಳ ಕಾಲ ನಂಬಿದ್ದರು. ಎರಡನೆಯ ಶತಮಾನದ ಗೇಲನ್ ರಕ್ತ ಎಂದು ತೋರಿಸಿದ. ಮೆಲಂಕೊಲಿ ಎಂದರೆ ಕಪ್ಪು ಪಿತ್ತ. ಅಂಥ ಪಿತ್ತ ಯಾರ ಹೊಟ್ಟೆಯಲ್ಲೂ ಇಲ್ಲ. ನನ್ನನ್ನು ಹೆಚ್ಚು ನೋಯಿಸುವ ಪದ ಹಿಸ್ಟೀರಿಯಾ. ‘ಹುಸ್ತೆರಾ’ ಎಂದರೆ ಗರ್ಭಕೋಶ. ಹೆಂಗಸಿನ ಸಂಕಟಕ್ಕೆಲ್ಲ ಅವಳ ಗರ್ಭಕೋಶವೇ ಕಾರಣ ಎಂಬ ಕಲ್ಪನೆ ಎರಡು ಸಾವಿರ ವರ್ಷ ಈ ಹೆಸರಿನೊಳಗೆ ಕೂತು ಎಷ್ಟು ಹೆಂಗಸರ ಮಾತನ್ನು ಕೇಳಿಸದ ಹಾಗೆ ಮಾಡಿತೋ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಿಂದ ಆ ಹೆಸರನ್ನು ಕೈಬಿಟ್ಟಿತು. ವಾರ್ಡಿನಲ್ಲಿ ಇಂದಿಗೂ ಯಾರಾದರೂ ಒಬ್ಬ ಹೆಂಗಸನ್ನು ಹಾಗೆ ಕರೆದರೆ ನೀನು ಅವಳ ಹತ್ತಿರ ಇನ್ನೊಮ್ಮೆ ಹೋಗಿ ಕೇಳು, ಎಲ್ಲಿ ನೋವು ಅಂತ.

‘ಪಾಥೋಸ್’ಗೆ ಮತ್ತೆ ಬರುತ್ತೇನೆ, ಯಾಕೆಂದರೆ ನಿನ್ನ ಕಸುಬೆಲ್ಲ ಅದರ ಸಂಸಾರದೊಳಗೇ ಇದೆ. ಬೇನೆಯ ಶಾಸ್ತ್ರ ಪೆಥಾಲಜಿ. ಎದುರು ನಿಲ್ಲುವ ಭಾವ ಆಂಟಿಪಥಿ. ಜೊತೆಗೂಡಿ ಅನುಭವಿಸುವುದು ಸಿಂಪಥಿ, ನಮ್ಮ ಸಹಾನುಭೂತಿ. ಎಂಪಥಿ ಹೊಸದು, ಜರ್ಮನ್ ಪದವೊಂದಕ್ಕೆ ಸಾಟಿಯಾಗಿ 1909ರಲ್ಲಿ ಎಡ್ವರ್ಡ್ ಟಿಚೆನರ್ ಎಂಬ ಮನಶ್ಶಾಸ್ತ್ರಜ್ಞ ಗ್ರೀಕ್ ತುಂಡುಗಳಿಂದ ಕಟ್ಟಿದ. ‘ಎನ್’ ಎಂದರೆ ಒಳಗೆ: ಇನ್ನೊಬ್ಬರ ಅನುಭವದ ಒಳಗೆ ಹೋಗಿ ನಿಲ್ಲುವುದು. ಎಪಥಿ, ಏನೂ ತಟ್ಟದಿರುವುದು. ಸ್ಟೋಯಿಕ್ ತತ್ವಜ್ಞಾನಿಗಳಿಗೆ ಅದು ದೊಡ್ಡ ಗುಣ, ಉದ್ವೇಗಗಳ ಕಾಟದಿಂದ ಬಿಡುಗಡೆ. 1984ರ ಆ ರಾತ್ರಿ ನಮಗೆ ಕಂಡ ಎಪಥಿ ಬೇರೆ. ಆ ಡಾಕ್ಟರು ಕೆಟ್ಟವರು ಎಂದು ನಾನು ಇಂದಿಗೂ ಹೇಳುವುದಿಲ್ಲ. ಅವರ ಮದ್ದೇ ನಿನ್ನ ಅಜ್ಜಿಯನ್ನು ಉಳಿಸಿತು. ಅವರಿಗೆ ಅರವತ್ತು ಮಂಚ ನೋಡಬೇಕಿತ್ತು. ಆದರೂ ಒಂದು ವಾಕ್ಯ, ಒಂದೇ ಒಂದು ಕನ್ನಡ ವಾಕ್ಯ ಅವಳ ಮುಖ ನೋಡಿ ಹೇಳಿದ್ದರೆ ಆ ರಾತ್ರಿ ನಮಗೆ ನಿದ್ದೆ ಬರುತ್ತಿತ್ತು.

‘ಕ್ಲೀನೆ’ ಎಂದರೆ ಮಂಚ. ಒರಗುವುದು ಎಂಬ ಧಾತುವಿನಿಂದ ಬಂದದ್ದು. ಮಂಚದ ಬಳಿಗೆ ಬಂದು ರೋಗಿಯನ್ನು ನೋಡುವ ವೈದ್ಯ ‘ಕ್ಲಿನಿಕೋಸ್’, ಕ್ಲಿನಿಕ್ ಅಲ್ಲಿಂದ. ಅದೇ ಬೇರು ಸಂಸ್ಕೃತದಲ್ಲಿ ‘ಶ್ರಿ’, ಒರಗು. ನಮ್ಮ ಆಶ್ರಯ ಅದರಿಂದ ಆದದ್ದು. ಕ್ಲಿನಿಕ್ ಮತ್ತು ಆಶ್ರಯ ಒಂದೇ ಬಳ್ಳಿಯ ಎರಡು ಕುಡಿಗಳೆಂದು ನಾನು ತಿಳಿದದ್ದು ರಿಟೈರ್ ಆದ ಮೇಲೆ, ಮೊದಲೇ ತಿಳಿದಿದ್ದರೆ ಎಷ್ಟು ಮಕ್ಕಳಿಗೆ ಹೇಳಬಹುದಿತ್ತು. ಥೆರಪಿಯ ‘ಥೆರಪೈಯಾ’ಕ್ಕೆ ಗ್ರೀಕಿನಲ್ಲಿ ಮೊದಲ ಅರ್ಥ ಬಳಿಯಿದ್ದು ಸೇವೆ ಮಾಡುವುದು. ನಮ್ಮ ಶುಶ್ರೂಷೆ ಇನ್ನೂ ಆಳದ ಪದ: ಅದರ ಮೂಲ ಅರ್ಥ ಕೇಳಬೇಕೆಂಬ ಆಸೆ. ರೋಗಿಯ ಆರೈಕೆಗೆ ಆ ಹೆಸರು ಹೇಗೆ ಬಂದಿತೆಂದು ಯೋಚಿಸುತ್ತ ಎಷ್ಟೋ ಸಂಜೆ ಕಳೆದಿದ್ದೇನೆ.

ಮುಂದಿನ ವರ್ಷ ನೀನು ವಾರ್ಡಿಗೆ ಹೋಗುತ್ತೀ. ಕಲಿತ ಪದ ಎಷ್ಟು ಉದ್ದವಿದ್ದರೂ ಮನಸ್ಸಿನಲ್ಲೇ ಒಮ್ಮೆ ಬಿಡಿಸು. ಬಿಡಿಸಿದ್ದನ್ನು ಮಂಚದ ಮೇಲಿರುವವರ ಭಾಷೆಯಲ್ಲಿ, ಅವರ ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿಯಲ್ಲೋ, ಹೇಳು. ಬಿಡಿಸಲು ಬಂದರೆ ಹೇಳಲೂ ಬರುತ್ತದೆ. ಹೇಳಲು ಬಾರದಿದ್ದರೆ ಪುನಃ ಪುಸ್ತಕ ತೆಗೆ. ನಿನಗೇ ಇನ್ನೂ ಅರ್ಥವಾಗಿಲ್ಲ.

ಕಾಗದ ಮುಗಿಸಿ ನಿನ್ನ ಅಜ್ಜಿಗೆ ಓದಿ ಹೇಳಿದೆ. ಸುಟ್ಟವು ಮಾಡುತ್ತ, ಬಾಣಲೆಯಿಂದ ಕಣ್ಣು ತೆಗೆಯದೆ ಪೂರ್ತಿ ಕೇಳಿದಳು. ಆಮೇಲೆ, “ಆ ಸಿಸ್ಟರ್ ನಿಂತುಕೊಂಡು ಹೇಳಿದ್ದಲ್ಲ. ಮಂಚದ ಅಂಚಿನಲ್ಲಿ ಕೂತು, ನನ್ನ ಕೈ ಹಿಡಿದುಕೊಂಡು ಹೇಳಿದ್ದು. ಅದನ್ನು ಬರೆದಿದ್ದೀರಾ?” ಎಂದು ಕೇಳಿದಳು. ಬರೆದಿರಲಿಲ್ಲ. ಈಗ ಬರೆದಿದ್ದೇನೆ.